ಪಾರಾ ಶೆಡ್ಡಿನ ಕೌದಿ

ಬಂಡೆಮ್ಮನ ಮೈಗೆ ಮೆತ್ತಿದ ಮಣ್ಣು ಕೂಡ ಬಂಡೆಮ್ಮನದಲ್ಲ. ಅದು ಕಲ್ಯಾಣಪ್ಪ ಸಾವಕಾರರದು.

ದಿನಾ ಸಂಜೆ ಶೆಡ್ಡಿನ ಬಾಗಿಲಲ್ಲಿ ಒಂದು ತಗಡು ಹಾಸುತ್ತಾರೆ. ಹೆಂಗಸರು ಒಬ್ಬೊಬ್ಬರಾಗಿ ಅದರ ಮೇಲೆ ನಿಲ್ಲಬೇಕು. ಸೆರಗು ಬಿಚ್ಚಿ ಕೊಡವಬೇಕು. ನೆರಿಗೆ ಸಡಿಲಿಸಿ ಕೊಡವಬೇಕು. ತುರುಬು ಬಿಚ್ಚಿ ತಲೆ ಬಗ್ಗಿಸಬೇಕು. ಸಾವಕಾರರ ಹೆಂಡತಿ ಶಿವದೇವಿ ಕುರ್ಚಿಯ ಮೇಲೆ ಕೂತು ಉದ್ದ ಹಿಡಿಯ ಹಣಿಗೆಯಿಂದ ಕೂದಲು ಬಾಚುತ್ತಾಳೆ. ಮೈಗೆ ಮೈ ತಾಗದ ಹಾಗೆ ಇನ್ನೊಬ್ಬರ ತಲೆ ಬಾಚುವುದು ಹೇಗೆಂದು ಆ ತಾಯಿಯಿಂದ ಕಲಿಯಬೇಕು. ಆಮೇಲೆ ಕಡ್ಡಿಯಿಂದ ಉಗುರುಸಂದಿ ಕೆರೆದುಕೊಳ್ಳಬೇಕು. ಕೈಕಾಲು, ಮುಖ ತೊಳೆಯುವುದು ಒಂದು ಟಬ್ಬಿನೊಳಗೆ. ಆ ನೀರನ್ನು ಚೆಲ್ಲುವ ಹಾಗಿಲ್ಲ. ಟಬ್ಬಿನ ತಳದ ಕೆಸರು, ತಗಡಿನ ಮೇಲಿನ ಧೂಳು, ಹಣಿಗೆಗೆ ಬಂದ ಕೂದಲಿನ ಬೂದಿ, ಎಲ್ಲವೂ ಮರುದಿನ ಡ್ರಮ್ಮಿಗೆ ಹೋಗುತ್ತವೆ. ಅದರಲ್ಲಿ ಬಂಗಾರವಿದೆ. ಇದಕ್ಕೆ ಝಡತಿ ಎನ್ನುತ್ತಾರೆ. ಕಳ್ಳನ ಮೈ ತಡಕುವುದಕ್ಕೂ ನಮ್ಮ ಕಡೆ ಅದೇ ಮಾತು.

ಶೆಡ್ಡು ಹೈದರಾಬಾದಿನ ಸನತ್‌ನಗರದ ಕಾರ್ಖಾನೆಗಳ ಹಿಂದಿನ ಸಾಲಿನಲ್ಲಿದೆ. ಹೊರಗೆ ಬೋರ್ಡಿಲ್ಲ. ಒಳಗೆ ಕಬ್ಬಿಣದ ಡ್ರಮ್ಮುಗಳಿವೆ. ಅಕ್ಕಸಾಲಿಗರ ಅಂಗಡಿಗಳಲ್ಲಿ ಗುಡಿಸಿದ ಕಸ, ಎಲ್ಲೋ ಹಳೆ ಗಣಿಯ ದಿಬ್ಬದಿಂದ ಕದ್ದು ತಂದ ಕಲ್ಲುಪುಡಿ, ಎರಡನ್ನೂ ನೀರಿನ ಜೊತೆ ಡ್ರಮ್ಮಿಗೆ ಸುರಿದು, ಪಾರಾ ಹಾಕಿ ತಿರುಗಿಸುತ್ತಾರೆ. ಪಾರಾ ಎಂದರೆ ಪಾದರಸ. ಅದು ಕಸದೊಳಗೆ ಹೊಕ್ಕು ಬಂಗಾರದ ಕಣಕಣವನ್ನೂ ಹುಡುಕಿ ನುಂಗುತ್ತದೆ, ಮಣ್ಣನ್ನು ಬಿಡುತ್ತದೆ. ಡ್ರಮ್ಮಿನಿಂದ ಬಂದ ಕೆಸರನ್ನು ಹೆಂಗಸರು ಮರಿಗೆಯಲ್ಲಿ ಜಾಲಿಸಬೇಕು. ತಳದಲ್ಲಿ ಉಳಿದ ಬೆಳ್ಳನೆಯ ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು. ಬರಿಗೈಯಲ್ಲಿ. ಹಿಂಡಿದಂತೆ ಹೆಚ್ಚಾದ ಪಾರಾ ಬಟ್ಟೆಯಿಂದ ಒಸರಿ ಕೆಳಗೆ ಬೀಳುತ್ತದೆ, ಮಡಿಲ ಮೇಲೆ ಸಿಡಿಯುತ್ತದೆ. ಒಳಗೆ ಗಟ್ಟಿ ಉಂಡೆ ಉಳಿಯುತ್ತದೆ. ಉಂಡೆಯನ್ನು ಒಲೆಯಲ್ಲಿ ಕಾಸಿದರೆ ಪಾರಾ ಹೊಗೆಯಾಗಿ ಹೋಗಿ ಬಂಗಾರ ಕೂತುಕೊಳ್ಳುತ್ತದೆ. ಬಂಗಾರ ಸಾವಕಾರರಿಗೆ. ಹೊಗೆ ಒಲೆಯ ಮುಂದೆ ಕೂತವನಿಗೆ.

ಆ ಒಲೆಯ ಮುಂದೆ ಮೊದಲು ಬಂಡೆಮ್ಮನ ಗಂಡ ಕೂತಿದ್ದ. ಅವನ ಕೈ ನಡುಗತೊಡಗಿತು. ಚಹಾದ ಗ್ಲಾಸು ಬಾಯಿಗೆ ಮುಟ್ಟುವುದರೊಳಗೆ ಅರ್ಧ ಚೆಲ್ಲಿಹೋಗುತ್ತಿತ್ತು. ಹಲ್ಲು ಸಡಿಲಾದವು. ಮಂದಿ ಕುಡುಕ ಎಂದರು. ಅವನು ಒಂದು ಹನಿ ಮುಟ್ಟಿದವನಲ್ಲ. ಸತ್ತ ದಿನ ಸಾವಕಾರರು ಮಣ್ಣಿಗೆ ಬಂದು, ನಾಲ್ಕು ಮಂದಿಗೆ ಕೇಳುವಂತೆ, "ಕುಡಿತ ಭಾಳ ಕೆಟ್ಟದ್ದವ್ವಾ" ಎಂದು ಹೇಳಿ ಹೋದರು. ಬಂಡೆಮ್ಮ ಬಾಯಿ ಬಿಡಲಿಲ್ಲ. ಮಗಳು ಮದುವೆಗೆ ಬಂದಿದ್ದಳು, ಹೊಟ್ಟೆ ಕೇಳುತ್ತಿತ್ತು. ತಿಥಿ ಮುಗಿಸಿ ಮತ್ತೆ ಅದೇ ಶೆಡ್ಡಿಗೆ ಹೋಗಿ ಅದೇ ಮುದ್ದೆ ಹಿಂಡಿದಳು.

ಪಾರಾದಿಂದ ಏನಾದರೂ ಆಗುತ್ತದೆಯೇ ಎಂದು ಒಮ್ಮೆ ಸಾಬಮ್ಮ ಕೇಳಿದ್ದಳು. ಸಾಬಮ್ಮ ಬಂಡೆಮ್ಮನ ಪಕ್ಕದ ಗುಡಿಸಲಿನವಳು, ಅವಳ ಹಾಗೆ ಯಾದಗಿರಿ ಕಡೆಯವಳೇ, ಶೆಡ್ಡಿನಲ್ಲೂ ಪಕ್ಕದ ಮರಿಗೆಯವಳು. ಸಾವಕಾರರು ವಿಭೂತಿ ಹಚ್ಚಿದ ಹಣೆ ಎತ್ತಿ ನಕ್ಕಿದ್ದರು.

"ಹುಚ್ಚಿ, ಪಾರಾ ಅಂದ್ರ ಶಿವನ ಅಂಶ. ಹಿಂದಿನವ್ರು ಅದರ ಲಿಂಗಾ ಮಾಡಿ ಪೂಜಿ ಮಾಡ್ಯಾರ. ಶಿವನ್ನ ಮುಟ್ಟಿದವರಿಗೆ ರೋಗ ಬರತೈತೇನು? ನಿಮ್ಮ ಪುಣ್ಯ, ದಿನಾ ಮುಟ್ಟಾಕತ್ತೀರಿ."

ಪುಣ್ಯವೇ ಸರಿ. ಊರಲ್ಲಿ ಈ ಹೆಂಗಸರು ಸಾವಕಾರರ ಮನೆಯ ಕಟ್ಟೆ ಹತ್ತುವಂತಿರಲಿಲ್ಲ. ಹೈದರಾಬಾದಿಗೆ ಬಂದ ಮೇಲೂ ಇವರಿಗೆ ಬೇರೆ ಪ್ಲಾಸ್ಟಿಕ್ ಕಪ್ಪು, ಬೇರೆ ನಲ್ಲಿ. ಗುಡಿಯ ಶಿವನನ್ನು ಮುಟ್ಟಿದರೆ ಮೈಲಿಗೆ, ಶೆಡ್ಡಿನ ಶಿವನನ್ನು ಮುಟ್ಟದಿದ್ದರೆ ಕೂಲಿಯಿಲ್ಲ. ಹೇಳುವವನಿಗೆ ನಾಚಿಕೆ ಇರಲಿಲ್ಲ, ಕೇಳುವವರಿಗೆ ಬೇರೆ ದಾರಿ ಇರಲಿಲ್ಲ.

ಸಾವಕಾರರು ದಸರೆಗೊಮ್ಮೆ ಎಲ್ಲರಿಗೂ ಸೀರೆ ಕೊಡುತ್ತಿದ್ದರು. ಪ್ರತಿ ವರ್ಷವೂ ಅದೇ ಥಾನು, ಅದೇ ಬಣ್ಣ. ಕಡುಹಸಿರು, ಅದರ ಮೇಲೆ ಕೆಂಪು ಚುಕ್ಕಿ. ಅದನ್ನುಟ್ಟು ಬಸ್ಸು ಹತ್ತಿದರೆ ಕಂಡಕ್ಟರನಿಗೂ ಗೊತ್ತು, ಇವರು ಪಾರಾ ಶೆಡ್ಡಿನವರು. ಕೆಲಸಕ್ಕೆ ಉಟ್ಟು ಉಟ್ಟು ಪಿಸಿದ ಮೇಲೆ ಆ ಸೀರೆಗಳನ್ನು ಮನೆಗೆ ಒಯ್ಯುತ್ತಿದ್ದರು. ಆಗ ಯಾರೂ ಬೇಡ ಅನ್ನುತ್ತಿರಲಿಲ್ಲ. ಬಡವರ ಮನೆಯಲ್ಲಿ ಹಳೆ ಸೀರೆ ಎಂದರೆ ಕೌದಿ. ನಾಲ್ಕಾರು ಪದರ ಒಂದರ ಮೇಲೊಂದು ಹಾಸಿ, ಸುತ್ತಲಿಂದ ಒಳಕ್ಕೆ ಒಳಕ್ಕೆ ಟಾಕು ಹಾಕುತ್ತ ಹೋಗುವುದು. ಕೊನೆಗೆ ನಡುವೆ ಅಂಗೈಯಗಲ ಜಾಗ ಬಿಟ್ಟು, ಅಲ್ಲಿ ಒಂದು ರೊಟ್ಟಿಯ ಚೂರು, ಒಂದು ಚಿಟಿಕೆ ಸಕ್ಕರೆ ಇಟ್ಟು ಹೊಲಿದು ಮುಗಿಸುವುದು. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರ ಹೊಟ್ಟೆ ತುಂಬುವುದಿಲ್ಲ ಎಂದು ಬಂಡೆಮ್ಮನ ಅವ್ವ ಹೇಳುತ್ತಿದ್ದಳು.

ಆಮೇಲೆ ಸಾವಕಾರರ ಮಗ ಮಹೇಶಕುಮಾರ ವ್ಯವಹಾರಕ್ಕೆ ಕೈ ಹಾಕಿದ. ಓದಿದವನು. ಶೆಡ್ಡಿನ ಕಾಲೊರಸು, ಸವೆದ ಕಸಬರಿಗೆ, ಹರಿದ ಗೋಣಿ ಎಲ್ಲ ಸುಡಿಸಿದ. ಬೂದಿಯನ್ನು ಡ್ರಮ್ಮಿಗೆ ಹಾಕಿಸಿದ. ಬಂಗಾರ ಬಂತು. ಅವನ ಕಣ್ಣು ಹೆಂಗಸರ ಸೀರೆಯ ಮೇಲೆ ಬಿತ್ತು. ಅಂದಿನಿಂದ ಹೊಸ ಕಾಯಿದೆ: ಕೆಲಸದ ಸೀರೆ ಶೆಡ್ಡಿನಲ್ಲೇ ಬಿಚ್ಚಿಡಬೇಕು, ಹರಿದರೆ ಅಲ್ಲೇ ಒಲೆಗೆ ಹಾಕಬೇಕು. ಬದುಕಿರುವವಳ ಸೀರೆ ಸುಡಬಾರದು, ಅದು ಸತ್ತವರಿಗೆ ಮಾಡುವ ಕೆಲಸ ಎಂದು ಮುದುಕಿಯರು ಅತ್ತರು. ಗೋಡೆಗೆ ಹೇಳಿದಂತಾಯಿತು.

ಆದರೆ ಬಂಡೆಮ್ಮ ಅದಕ್ಕೂ ಮುಂಚೆಯೇ ಪಿಸಿದ ಸೀರೆಗಳನ್ನು ಗಂಟು ಕಟ್ಟಿ ಇಟ್ಟಿದ್ದಳು. ಮಗಳು ಕಾವ್ಯಾ ಮದುವೆಯಾಗಿ, ಬಸುರಿಯಾಗಿ ತವರಿಗೆ ಬಂದಾಗ ಗಂಟು ಬಿಚ್ಚಿದಳು. ಕೈ ನಡುಗಲು ಶುರುವಾಗಿತ್ತು, ಸೂಜಿಗೆ ದಾರ ಪೋಣಿಸಲು ಮಗಳನ್ನೇ ಕರೆಯಬೇಕಿತ್ತು. ಆದರೂ ಹೊಲಿದಳು. ಏಳು ಪದರದ ದಪ್ಪ ಕೌದಿ. ಮೊಮ್ಮಗಳು ಹುಟ್ಟಿದಳು. ಸಾನ್ವಿ ಎಂದು ಹೆಸರಿಟ್ಟರು. ಹುಟ್ಟಿದ ದಿನದಿಂದ ಕೂಸು ಅದೇ ಕೌದಿಯ ಮೇಲೆ ಮಲಗಿತು, ಅದನ್ನೇ ಹೊದ್ದಿತು, ಅದರ ತುದಿ ಚೀಪಿತು.

ಎಂಟು ತಿಂಗಳಾದರೂ ಕೂಸು ಕೂರಲಿಲ್ಲ. ಅಂಗೈ ಅಂಗಾಲು ಬೆಂದಂತೆ ಕೆಂಪಾಗಿ ಸಿಪ್ಪೆ ಸುಲಿಯಿತು. ಮೈಯೆಲ್ಲ ಬೆವರು. ಬೆಳಕು ಕಂಡರೆ ಕಣ್ಣು ಮುಚ್ಚಿ ಚೀರುತ್ತಿತ್ತು. ಮೊಲೆ ಹಿಡಿಯಲಿಲ್ಲ. ಕೈಯನ್ನು ಕೈಗೆ ತಿಕ್ಕಿ ತಿಕ್ಕಿ ರಕ್ತ ಬರಿಸಿಕೊಂಡಿತು. ಓಣಿಯವರು ದೃಷ್ಟಿ ಎಂದರು, ಅಮ್ಮ ಎಂದರು, ಬೇವು ಕಟ್ಟಿಸಿದರು. "ಹಾಲು ಕುಡದ ಮಕ್ಕಳ ಬದುಕಂಗಿಲ್ಲ, ಇನ್ನ ಹಾಲು ಕುಡೀಲಾರದ್ದು ಬದುಕತೈತೇನು" ಎಂದು ಒಬ್ಬಳು ಕಾವ್ಯಾಳ ಮುಂದೆಯೇ ಗಾದೆಯನ್ನು ತಿರುಚಿ ಆಡಿದಳು. ಬಂಡೆಮ್ಮ ಅವಳ ಮುಖಕ್ಕೆ ಚೊಂಬಿನ ನೀರು ಎರಚಿದಳು. ಅವತ್ತೇ ಕೂಸನ್ನು ಎತ್ತಿಕೊಂಡು ಸರಕಾರಿ ಆಸ್ಪತ್ರೆಗೆ ಹೋದರು.

ಅಲ್ಲಿ ಮಂದಾಕಿನಿ ಎಂಬ ಡಾಕ್ಟರು. ಧಾರವಾಡ ಕಡೆಯ ಮನೆತನ. ಕಾವ್ಯಾ ಹರಕು ತೆಲುಗಿನಲ್ಲಿ ಹೇಳುತ್ತಿದ್ದುದನ್ನು ಕೇಳಿ ತಾನೇ ಕನ್ನಡಕ್ಕೆ ಬಂದಳು. ಕೂಸಿನ ಅಂಗೈ ಬಿಡಿಸಿ ಬಹಳ ಹೊತ್ತು ನೋಡಿದಳು.

"ಮನ್ಯಾಗ ಥರ್ಮಾಮೀಟರ್ ಏನರ ಒಡದದೇನು?"

"ಅಂಥಾದ್ದು ನಮ್ಮ ಮನ್ಯಾಗ ಎಲ್ಲೀದ್ರಿ?" ಎಂದಳು ಕಾವ್ಯಾ.

"ಪಾರಾ ಇಟ್ಟೀರೇನು?"

ಕಾವ್ಯಾ ಅವ್ವನ ಮುಖ ನೋಡಿದಳು. ಬಂಡೆಮ್ಮ ಹೇಳಿದಳು, "ಮನ್ಯಾಗ ಇಡಂಗಿಲ್ರಿ. ನಾ ಪಾರಾ ಶೆಡ್ಡಿನ್ಯಾಗ ದುಡೀತೀನಿ. ಖರೆ, ಮೈ ತೊಳಕೊಳ್ಳಾರದ ನಾ ಕೂಸಿನ್ನ ಮುಟ್ಟಂಗಿಲ್ರಿ. ಆಣಿ ಮಾಡಿ ಹೇಳತೀನಿ."

ಡಾಕ್ಟರು ಆಣೆ ಬೇಡ ಎಂದಳು. ಕೂಸನ್ನು ಅಲ್ಲೇ ಇಟ್ಟುಕೊಂಡು ಮೂತ್ರ ಪರೀಕ್ಷೆಗೆ ಕಳಿಸಿದಳು. ಫಲಿತಾಂಶ ಬಂದ ದಿನ ಇಬ್ಬರನ್ನೂ ಕೂಡಿಸಿಕೊಂಡು ಹೇಳಿದಳು.

"ಕೂಸಿನ ಮೈಯಾಗ ಪಾರಾ ಅದ. ಭಾಳ ಅದ. ಔಷಧ ಕೊಡ್ತೀನಿ, ಆದರ ಅದು ಎಲ್ಲಿಂದ ಒಳಗ ಹೋಗಾಕತ್ತದ ಅಂತ ತಿಳೀಬೇಕು. ಇಲ್ಲಂದ್ರ ಮನೀಗೆ ಹೋದ ಮ್ಯಾಲೆ ಮತ್ತ ಹಂಗ ಆಗ್ತದ. ಕೂಸು ಮಲಗೋದು ಯಾತರ ಮ್ಯಾಲೆ?"

"ಕೌದಿ ಮ್ಯಾಲ್ರಿ."

"ಯಾವ ಬಟ್ಟೀದು?"

ಬಂಡೆಮ್ಮನಿಗೆ ತಾನು ಮುದ್ದೆ ಹಿಂಡುವಾಗ ಮಡಿಲ ಮೇಲೆ ಸಿಡಿಯುತ್ತಿದ್ದದ್ದು ಕಣ್ಣ ಮುಂದೆ ಬಂತು. ವರ್ಷಗಟ್ಟಲೆ ಸಿಡಿದದ್ದು. ಅದನ್ನು ಏಳು ಪದರ ಮಾಡಿ, ಒಳಗೆ ಕೂಡಿಹಾಕಿ, ತಾನೇ ಟಾಕು ಹಾಕಿ ಭದ್ರ ಮಾಡಿದ್ದಳು. ಮೇಲೆ ಸಕ್ಕರೆ ಬೇರೆ ಇಟ್ಟಿದ್ದಳು.

"ನನ್ನ ಕೆಲಸದ ಸೀರೀದ್ರಿ," ಎಂದಳು. ನೆಲಕ್ಕೆ ಕುಸಿದಳು. ಎದೆ ಬಡಿದುಕೊಂಡಳು. ಕಾವ್ಯಾ ಅವ್ವನನ್ನು ಮುಟ್ಟಲಿಲ್ಲ, ಗೋಡೆಯ ಕಡೆ ತಿರುಗಿ ನಿಂತಳು. ಆ ಬೆನ್ನು ಬಂಡೆಮ್ಮನಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ಡಾಕ್ಟರು ಅಳು ನಿಲ್ಲುವವರೆಗೆ ಕಾದಳು. "ಆ ಕೌದಿ ನನಗ ತಂದು ಕೊಡ್ರಿ. ಒಗೀಬ್ಯಾಡ್ರಿ, ಬಿಸಲಿಗೆ ಹಾಕಬ್ಯಾಡ್ರಿ. ಸುಡಬ್ಯಾಡ್ರಿ, ಸುಟ್ಟರ ಆ ಹೊಗಿ ಓಣೀ ಮಂದಿ ಮೂಗಿನ್ಯಾಗ ಹೋಗ್ತದ. ಪ್ಲಾಸ್ಟಿಕ್ ಚೀಲದಾಗ ಬಿಗಿಯಾಗಿ ಕಟ್ಟಿ ತರ್ರಿ. ತಪಾಸಣೆ ಮಾಡಸ್ತೀನಿ. ಕೌದಿಯೊಳಗ ಪಾರಾ ಅದ ಅಂತ ಆದರ ನಾ ಆ ಶೆಡ್ಡಿನ ಮ್ಯಾಲೆ ಸರಕಾರಕ್ಕ ಬರೀತೀನಿ. ಕೌದಿ ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ. ಹೊಲಸು ಮನಿ, ತಾಯಿಗೆ ಬುದ್ಧಿ ಇಲ್ಲ ಅಂತ ಹೇಳಿ ಮುಚ್ಚಿ ಹಾಕ್ತಾರ."

ಬಂಡೆಮ್ಮ ಬಸ್ಸು ಹಿಡಿದು ಮನೆಗೆ ಬಂದಳು. ಕೌದಿ ಮೂಲೆಯಲ್ಲಿ ಮಡಚಿಟ್ಟಿತ್ತು. ಎತ್ತಲು ಹೋದಳು. ಕೈ ಹಿಂದೆ ಸರಿಯಿತು. ನಂಬಲು ಮನಸ್ಸು ಒಪ್ಪಲಿಲ್ಲ. ಕತ್ತರಿ ತಂದು ಒಂದು ಅಂಚಿನ ಟಾಕು ಬಿಚ್ಚಿ, ಅಂಚು ಹಿಡಿದು ಕೊಡವಿದಳು. ಸಾಸಿವೆಯಷ್ಟು ದೊಡ್ಡದೊಂದು ಬೆಳ್ಳನೆಯ ಗುಂಡು ನೆಲಕ್ಕೆ ಬಿದ್ದು ಉರುಳಿತು. ಅದರ ಹಿಂದೆ ಇನ್ನೊಂದು. ಎರಡೂ ನೆಲದ ಕುಳಿಯಲ್ಲಿ ಕೂಡಿ ಒಂದಾದವು.

ಬಾಗಿಲಲ್ಲಿ ಸಾಬಮ್ಮ ನಿಂತಿದ್ದಳು. ಅವತ್ತು ಅವಳಿಗೆ ಮಧ್ಯಾಹ್ನದ ಪಾಳಿ. ಕೂಸಿನ ಸುದ್ದಿ ಕೇಳಲು ಬಂದವಳು ನೆಲ ನೋಡಿದಳು. ಬಂಡೆಮ್ಮ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಸಾಬಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಹೊರಟುಹೋದಳು.

ಬಂಡೆಮ್ಮ ಕೌದಿಯನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಿದ್ದಾಗ ಅಮರಯ್ಯ ಬಂದ. ಅಮರಯ್ಯ ಶೆಡ್ಡಿನ ಮೇಸ್ತ್ರಿ. ಸಾವಕಾರರು ಕೆಮ್ಮಿದರೆ ಇವನು ಎದೆ ನೀವಿಕೊಳ್ಳುವವನು.

"ಏನ್ ಬಂಡಿ, ಮೂರು ದಿನ ಆತು ಕೆಲಸಕ್ಕ ಗೈರು? ಸಣ್ಣ ಸಾವಕಾರ್ರು ಬೆಂಕಿ ಆಗ್ಯಾರ." ಅಷ್ಟರಲ್ಲಿ ಅವನ ಕಣ್ಣು ಚೀಲದ ಮೇಲೆ ಹೋಯಿತು. ಪ್ಲಾಸ್ಟಿಕ್ಕಿನೊಳಗೆ ಕಡುಹಸಿರು, ಕೆಂಪು ಚುಕ್ಕಿ. "ಇದು ಶೆಡ್ಡಿನ ಸೀರಿ! ಎಟ್ಟ ಸೀರಿ ಕೂಡ್ಸಿ ಹೊಲದೀಯಲೇ ಇದನ್ನ?"

"ಹಳೇವು. ಕಾಯಿದೆ ಬರೂದಕ್ಕಿಂತ ಮೊದಲಿನವು."

"ಮೊದಲಿಂದಾದರ ಏನು, ಮಾಲು ಯಾರದು? ಇದರಾಗ ಬಂಗಾರ ಐತಿ."

ಚೀಲ ಕಸಿದುಕೊಂಡ. ಬಂಡೆಮ್ಮ ಅವನ ಅಂಗಿ ಹಿಡಿದು ಎಳೆದಳು. ಅವನು ಮೊಣಕೈಯಿಂದ ಎದೆಗೆ ಗುದ್ದಿದ. ಅವಳು ಒಲೆಯ ಮೇಲೆ ಬಿದ್ದಳು. ಅವನು ಚೀಲ ಬೈಕಿನ ಮೇಲೆ ಹಾಕಿಕೊಂಡು ಹೋದ.

ಬಂಡೆಮ್ಮ ಎದ್ದಳು. ತುಟಿಯಲ್ಲಿ ರಕ್ತ. ಬರಿಗಾಲಲ್ಲಿ ಓಡಿದಳು. ರೈಲು ಹಳಿ ದಾಟಿ, ಗೋಡೌನುಗಳ ಹಿಂದಿನಿಂದ, ಕಾಲಿಗೆ ಗಾಜು ಚುಚ್ಚಿದ್ದೂ ತಿಳಿಯದೆ ಓಡಿದಳು. ಒಂದೇ ಮಾತು ತಲೆಯಲ್ಲಿ ಕುಟ್ಟುತ್ತಿತ್ತು. ಕೌದಿ ಸುಟ್ಟರೆ ಎಲ್ಲ ಸುಟ್ಟಂತೆ. ಕೂಸು ಸತ್ತರೆ ಅಜ್ಜಿಯ ಹೊಲಸಿನಿಂದ ಸತ್ತಿತು ಎನ್ನುತ್ತಾರೆ. ಗಂಡನನ್ನು ಕುಡುಕ ಮಾಡಿದ ಹಾಗೆ.

ಶೆಡ್ಡಿನೊಳಗೆ ಡ್ರಮ್ಮುಗಳು ತಿರುಗುತ್ತಿದ್ದವು. ಹೆಂಗಸರು ಮರಿಗೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಸಾಬಮ್ಮ ಆಗಲೇ ಬಂದು ತನ್ನ ಮರಿಗೆ ಹಿಡಿದಿದ್ದಳು, ಆದರೆ ಜಾಲಿಸುತ್ತಿರಲಿಲ್ಲ. ಕಲ್ಯಾಣಪ್ಪ ಸಾವಕಾರರು ಆಫೀಸಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಮೊಣಕಾಲಿಗೆ ಕೋಲು ಆನಿಸಿ ಕೂತಿದ್ದರು. ಮಹೇಶಕುಮಾರ ಚೀಲದಿಂದ ನಾಲ್ಕು ಹೆಜ್ಜೆ ದೂರ ನಿಂತು ಅಮರಯ್ಯನಿಗೆ ಒಲೆ ಹಚ್ಚಲು ಹೇಳುತ್ತಿದ್ದ. ಅವನು ಅದನ್ನು ಮುಟ್ಟಿರಲಿಲ್ಲ.

"ಅದು ನನ್ನ ಮೊಮ್ಮಗಳ ಕೌದಿ. ಕೊಡು," ಎಂದಳು ಬಂಡೆಮ್ಮ.

"ಕೊಡು? ಯಾರ ಜೋಡಿ ಮಾತಾಡಾಕತ್ತೀ ಗೊತ್ತೈತೇನು? ಉಂಡ ಮನಿಗೆ ಎರಡು ಬಗೀತೀಯಲ್ಲ, ಕಳ್ಳಿ. ಸೀರಿ ನಮ್ಮದು, ಒಳಗಿನ ಮಾಲು ನಮ್ಮದು. ಪೋಲೀಸ್‌ಗೆ ಕೊಟ್ಟರ ಏನಾಗತೈತಿ?"

"ಕೊಡು ಪೋಲೀಸ್‌ಗೆ. ಕೌದೀನೂ ಅವರ ಕೈಯಾಗ ಕೊಡು. ಸುಡಬ್ಯಾಡ. ಡಾಕ್ಟ್ರು ತಾ ಅಂದಾರ."

ಮಹೇಶಕುಮಾರನ ಮುಖ ಬದಲಾಯಿತು. "ಯಾವ ಡಾಕ್ಟರ್?"

"ದೊಡ್ಡಾಸ್ಪತ್ರಿ ಡಾಕ್ಟರಮ್ಮ. ನನ್ನ ಕೂಸಿನ ಮೈಯಾಗ ಪಾರಾ ಸಿಕ್ಕೈತಿ. ಅದು ಈ ಕೌದಿಂದ ಬಂದದ್ದು."

ಅಪ್ಪ ಮಗ ಒಬ್ಬರನ್ನೊಬ್ಬರು ನೋಡಿದರು. ಅದು ತಿಳಿಯದ ಮಂದಿಯ ನೋಟವಲ್ಲ. ಮಹೇಶಕುಮಾರ ಅಮರಯ್ಯನ ಕಡೆ ತಿರುಗಿ, "ಹಾಕು ಒಲಿಗೆ, ಜಲ್ದಿ," ಎಂದ. ಈಗ ಅವನ ದನಿಯಲ್ಲಿ ಬಂಗಾರದ ಆಸೆ ಇರಲಿಲ್ಲ, ಹೆದರಿಕೆ ಇತ್ತು.

ಬಂಡೆಮ್ಮ ಚೀಲದ ಮೇಲೆ ಬಿದ್ದು ಅಪ್ಪಿಕೊಂಡಳು. ಅಮರಯ್ಯ ಅವಳ ತುರುಬು ಹಿಡಿದು ಎಳೆದ. ಮರಿಗೆಗಳ ಸದ್ದು ನಿಂತಿತು.

ಸಾವಕಾರರು ಕೈ ಎತ್ತಿದರು. ಮುದುಕನಿಗೆ ಮಗನಿಗಿಂತ ಹೆಚ್ಚು ಬುದ್ಧಿ. ಇಷ್ಟು ಹೆಂಗಸರ ಮುಂದೆ ಜಗ್ಗಾಡಬಾರದೆಂದು ಗೊತ್ತು. ದನಿಗೆ ಬೆಲ್ಲ ಸವರಿಕೊಂಡರು.

"ಬಿಡೋ ಅಮರಯ್ಯಾ. ಬಂಡೆವ್ವಾ, ಇಲ್ಲಿ ಬಾ. ನಿನ್ನ ಮೊಮ್ಮಗಳು ನನ್ನ ಮೊಮ್ಮಗಳಿದ್ದಂಗ. ಖಾಸಗಿ ದವಾಖಾನಿಗೆ ತೋರಸ್ತೀನಿ. ಮೆತ್ತನ್ನ ಬ್ಲಾಂಕೆಟ್ ಕೊಡಸ್ತೀನಿ. ಈ ಡಾಕ್ಟರಗೋಳಿಗೆ ಏನ್ ತಿಳೀತೈತಿ? ನಾ ಎಷ್ಟು ಸಲ ಹೇಳೀನಿ, ಪಾರಾ ಶಿವನ ಅಂಶ. ಶಿವ ಕೂಸಿಗೆ ಕೆಟ್ಟದ್ದು ಮಾಡತಾನೇನು? ನೀ ನಿನ್ನ ಹೊಲಸು ಕೈಲಿ ಕೂಸಿಗೆ ಏನು ತಿನಸೀಯೋ ಏನೋ."

ಬಂಡೆಮ್ಮ ಎದ್ದು ನಿಂತಳು. ಅತ್ತೂ ಅತ್ತೂ ಅವಳಲ್ಲಿ ನೀರು ಮುಗಿದಿತ್ತು. ಉಳಿದದ್ದು ಸಿಟ್ಟು ಮಾತ್ರ. ಹಲ್ಲಿನಿಂದ ಚೀಲದ ಗಂಟು ಕಚ್ಚಿ ಹರಿದಳು. ಕೌದಿ ಹೊರಗೆಳೆದಳು. ಸಾವಕಾರರ ಹತ್ತಿರ ಹೋದಳು. ಅವಳ ನೆರಳು ಬಿದ್ದರೆ ಕಾಲು ಎಳೆದುಕೊಳ್ಳುವ ಮನುಷ್ಯನಿಗೆ ಏನು ನಡೆಯುತ್ತಿದೆ ಎಂದು ತಿಳಿಯುವಷ್ಟರಲ್ಲಿ, ಮಠದ ಸ್ವಾಮಿಗೆ ಶಾಲು ಹೊದಿಸಿದ ಹಾಗೆ ಕೌದಿಯನ್ನು ಅವರ ಹೆಗಲ ಮೇಲಿಂದ ಹೊದಿಸಿದಳು. ಕೊರಳ ಸುತ್ತ ಬಿಗಿದು ಹಿಡಿದಳು.

"ಶಿವ ಅಂದ್ರಲ್ಲ. ಹೊದ್ಕೋರಿ. ನಿಮ್ಮ ಮಾಲು, ನಿಮ್ಮ ಬಂಗಾರ, ನಿಮ್ಮ ದೇವರು. ಹೊದ್ಕೊಂಡು ಕುಂದರ್ರಿ."

"ಏಯ್! ತಗೀ! ತಗೀರಲೇ ಇದನ್ನ!" ಸಾವಕಾರರು ಕಿರುಚಿದರು. "ಮಹೇಶಾ! ಮೈಗೆ ಹತ್ತತೈತಿ, ತಗಿಯೋ! ಉಸಿರು ತಗೋಬಾರದು ಇದರಾಗ!"

ಮಗ ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದ. ಅಪ್ಪನ ಹತ್ತಿರ ಬರಲಿಲ್ಲ. ಸಾವಕಾರರು ಕೌದಿಯನ್ನು ಒದ್ದು, ಕಿತ್ತು, ಬಿಸಾಡಿ ಎದ್ದರು. ಕೋಲಿಲ್ಲದೆ ಎರಡು ಹೆಜ್ಜೆ ಇಡಲಾರದ ಮುದುಕ ನಲ್ಲಿಯ ತನಕ ಓಡಿದರು. ಅಂಗಿ ಹರಿದು ತೆಗೆದರು. ಬನಿಯನ್ ತೆಗೆದರು. ನೀರು ಬಿಟ್ಟುಕೊಂಡು ಕೊರಳು, ಎದೆ, ಕೈ ತಿಕ್ಕಿದರು. ಬಾಯಿ ಮುಕ್ಕಳಿಸಿ ಉಗುಳಿದರು. ಮತ್ತೆ ಮುಕ್ಕಳಿಸಿದರು. ಹಣೆಯ ವಿಭೂತಿ ನೀರಿನಲ್ಲಿ ಹರಿದುಹೋಯಿತು.

ಒಬ್ಬ ಹೆಂಗಸೂ ನಗಲಿಲ್ಲ. ಎಲ್ಲರೂ ನೋಡುತ್ತಿದ್ದರು. ಒಬ್ಬೊಬ್ಬರೂ ತಮ್ಮ ಕೈ ನೋಡಿಕೊಂಡರು, ಮಡಿಲು ನೋಡಿಕೊಂಡರು. ಇಷ್ಟು ವರ್ಷ ಯಾರೂ ಹೇಳದಿದ್ದ ಮಾತನ್ನು ಸಾವಕಾರರ ಓಟ ಹೇಳಿತ್ತು.

ಬಂಡೆಮ್ಮ ಹೇಳಿದಳು, "ನನ್ನ ಕೂಸು ಹುಟ್ಟಿದಾಗಿಂದ ಇದರಾಗ ಮಲಗೈತಿ. ನಿಮಗ ಒಂದು ಗಳಿಗಿ ತಡಕೊಳ್ಳಾಕ ಆಗಲಿಲ್ಲ. ಗೊತ್ತಿತ್ತು ನಿಮಗ. ಅಪ್ಪಗೂ ಗೊತ್ತಿತ್ತು, ಮಗಗೂ ಗೊತ್ತಿತ್ತು. ನನ್ನ ಗಂಡನ್ನ ಕುಡುಕ ಮಾಡಿ ಮಣ್ಣು ಕೊಟ್ಟ್ರಿ. ನಮಗ ಶಿವನ ಕಥಿ ಹೇಳಿದ್ರಿ. ಥೂ ನಿಮ್ಮ ಜನ್ಮಕ್ಕ."

ಮಹೇಶಕುಮಾರ ದೂರದಿಂದಲೇ ಕೂಗಿದ, "ಹೊಲದಾಕಿ ನೀನ! ವಿಷಾ ಹೊಲದು ಕೂಸಿಗೆ ಹೊದಿಸಿದಾಕಿ ನೀನು. ನಾವಲ್ಲ."

ಆ ಮಾತು ಬಂಡೆಮ್ಮನ ಕರುಳಿಗೇ ಬಿತ್ತು. "ಹೌದು, ನಾನ ಹೊಲದೀನಿ. ಸಾಯೂತನಕ ಈ ಕೈ ನೋಡಿ ಅಳತೀನಿ. ಅದು ನನ್ನ ಸಂಕಟ. ವಿಷಾ ಅಂತ ಗೊತ್ತಿದ್ದು ನನ್ನ ಮಡಲಾಗ ಹಾಕಿದಾವ ನೀನು. ನೀ ಯಾವತ್ತು ಅತ್ತೀಯೋ?"

"ನಾಳಿಂದ ಈ ಕಡೆ ಕಾಲಿಟ್ಟರ ಕಾಲು ಮುರಸ್ತೀನಿ. ಅಮರಯ್ಯಾ, ಕೌದಿ ಎತ್ತು!"

ಅಮರಯ್ಯ ಬಗ್ಗಿದ. ಕೈ ಚಾಚಿದ. ಸಾವಕಾರರು ಇನ್ನೂ ನಲ್ಲಿಯ ಕೆಳಗೆ ಮೈ ತಿಕ್ಕುತ್ತಿದ್ದರು. ಅಮರಯ್ಯ ಅವರನ್ನು ನೋಡಿದ, ಕೌದಿಯನ್ನು ನೋಡಿದ. ಅವನ ಮನೆಯಲ್ಲೂ ಮಕ್ಕಳಿದ್ದವು. ಚಾಚಿದ ಕೈ ಹಿಂದಕ್ಕೆ ಬಂತು.

ಸಾಬಮ್ಮ ಎದ್ದಳು. ತನ್ನ ಮರಿಗೆಯನ್ನು ಬೋರಲು ಹಾಕಿದಳು. ಸಾವಕಾರರ ಕೆಸರು, ಸಾವಕಾರರ ಬಂಗಾರ ಮೋರಿಗೆ ಹರಿಯಿತು. ಗೋಡೆಯ ಹತ್ತಿರ ಹೋಗಿ ಡ್ರಮ್ಮುಗಳ ಸ್ವಿಚ್ಚು ಆರಿಸಿದಳು.

"ನನ್ನ ಮೊಮ್ಮಗ ನಡೀವಲ್ಲ," ಎಂದಳು ಎಲ್ಲರ ಕಡೆ ತಿರುಗಿ. "ಎರಡು ವರ್ಷ ಆತು, ನಡೀವಲ್ಲ. ಅಂವಾ ಮಲಗೋದೂ ಈ ಸೀರಿ ಮ್ಯಾಲನ."

ಆಮೇಲೆ ಯಾರೂ ಯಾರನ್ನೂ ಕರೆಯಲಿಲ್ಲ. ಒಬ್ಬೊಬ್ಬರಾಗಿ ಎದ್ದರು. ಮೈ ಕೊಡವಲಿಲ್ಲ, ಕೈ ತೊಳೆಯಲಿಲ್ಲ. ಮಹೇಶಕುಮಾರ ಗೇಟು ಹಾಕಿಸಲು ಓಡಿದ. ಅವನಿಗಿಂತ ಮೊದಲು ಹೆಂಗಸರು ಗೇಟಿನಲ್ಲಿದ್ದರು. ಅವರ ಮೈ ತಾಗುತ್ತದೆಂದು ಅವನೇ ದಾರಿ ಬಿಟ್ಟ.

ಬಂಡೆಮ್ಮ ಕೌದಿಯನ್ನು ಚೀಲಕ್ಕೆ ತುಂಬಿ ಆಸ್ಪತ್ರೆಗೆ ಹೊರಟಳು. ಸಾಬಮ್ಮ ಮನೆಯ ಕಡೆ ಹೋದವಳು ಬಸ್ ಸ್ಟಾಪಿಗೆ ಬರುವಾಗ ಅವಳ ತಲೆಯ ಮೇಲೂ ಒಂದು ಚೀಲವಿತ್ತು. ಸೊಂಟದ ಮೇಲೆ ಮೊಮ್ಮಗ. ಹಿಂದೆ ಇನ್ನಿಬ್ಬರು ಬರುತ್ತಿದ್ದರು, ಅವರ ಹಿಂದೆ ಮತ್ತೂ ಕೆಲವರು. ಕಂಡಕ್ಟರ್ ಗಂಟು ಮೂಟೆ ಹತ್ತಿಸುವುದಿಲ್ಲ ಎಂದ. ಅವರು ಹತ್ತಿದರು.

ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ಲಾಠಿ ಅಡ್ಡ ಹಿಡಿದ. "ಏಂದಮ್ಮಾ ಇದಿ, ಚೆತ್ತಾ! ಬಯಟಿಕಿ ಪೋಂಡಿ!" ಎಂದು ತೆಲುಗಿನಲ್ಲಿ ಗದರಿದ. ಏನಿದು ಕಸ, ಹೊರಗೆ ನಡೆಯಿರಿ ಎಂದು. ಬಂಡೆಮ್ಮ ಲಾಠಿಯನ್ನು ಕೈಯಿಂದ ಸರಿಸಿ ಒಳಗೆ ನಡೆದಳು. ಉಳಿದವರು ಅವಳ ಹಿಂದೆ ನಡೆದರು. ಮಕ್ಕಳ ವಾರ್ಡಿನ ಮುಂದೆ ಗೋಡೆಗೆ ಒರಗಿ ಸಾಲಾಗಿ ಕೂತರು. ಒಬ್ಬೊಬ್ಬರ ಮುಂದೆಯೂ ಬಾಯಿ ಕಟ್ಟಿದ ಒಂದು ಚೀಲ. ಪ್ರತಿ ಚೀಲದೊಳಗೂ ಕಡುಹಸಿರು ಬಟ್ಟೆ. ಬಂಡೆಮ್ಮನ ಹೊರತು ಉಳಿದವರ ತೊಡೆಯ ಮೇಲೆ ಒಂದೊಂದು ಮಗು. ಕೆಲವು ಅಳುತ್ತಿದ್ದವು. ಅಳಲಾರದವೂ ಇದ್ದವು.

ಕಾವ್ಯಾ ಕೂಸನ್ನು ಎತ್ತಿಕೊಂಡು ಒಳಗಿನಿಂದ ಬಂದಳು. ಸಾಲನ್ನು ನೋಡಿದಳು. ಅವ್ವನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಂತೆ ಕೂತಳು.

ಗಲಾಟೆ ಕೇಳಿ ಡಾಕ್ಟರು ಹೊರಗೆ ಬಂದಳು. ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿದಳು. ಕೈಯಲ್ಲಿದ್ದ ಸ್ಟೆತಾಸ್ಕೋಪು ಕೈಯಲ್ಲೇ ಉಳಿಯಿತು.

"ನಾ ಕೇಳಿದ್ದು ಒಂದ ಕೌದಿ, ಬಂಡೆಮ್ಮ."

"ಹೌದ್ರಿ," ಎಂದಳು ಬಂಡೆಮ್ಮ. "ನೀವು ಒಂದ ಕೂಸು ಅಂತ ತಿಳದಿದ್ರಿ."